ಎಸ್‌ಬಿಲ್ಡ್ ವಿಮರ್ಶೆ: ಅಪ್‌ಲೋಡಿಗೆ ಮುಂಚೆ ಮನೆಯಲ್ಲೇ ಕೆಡಲಿ

ಸ್ವಂತ ಲ್ಯಾಪ್‌ಟಾಪಿನಲ್ಲಿ ಡೆಬ್ ಫೈಲ್ (ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಪ್ಯಾಕೇಜ್) ಹೊರಬಂದ ಮಾತ್ರಕ್ಕೆ ಪ್ಯಾಕೇಜ್ ಸರಿಯಾಗಿದೆ ಎಂದುಕೊಳ್ಳುವಂತಿಲ್ಲ. ಆ ಯಂತ್ರದಲ್ಲಿ ವರ್ಷಗಟ್ಟಲೆ ಸೇರಿಕೊಂಡ ಹೆಡರ್ ಫೈಲುಗಳು, ಪೈಥಾನ್ ಮಾಡ್ಯೂಲುಗಳು, ಫಾಂಟುಗಳು ಇರುತ್ತವೆ. ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಫೈಲಿನಲ್ಲಿ, ಕಟ್ಟಲು ಬೇಕಾದವನ್ನು ಪಟ್ಟಿ ಮಾಡುವ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ, ಹೆಸರೇ ಇಲ್ಲದ ಸಾಮಾನುಗಳು ಸದ್ದಿಲ್ಲದೆ ಬಳಕೆಯಾಗಿರುತ್ತವೆ. ಅದೇ ಮೂಲವನ್ನು (ಸೋರ್ಸ್ ಕೋಡನ್ನು) ಡೆಬಿಯನ್‌ನ ಬಿಲ್ಡ್ ಸರ್ವರ್ ಎತ್ತಿಕೊಂಡರೆ ಕಾನ್ಫಿಗರ್ ಹಂತದಲ್ಲೇ ಮುಗ್ಗರಿಸುತ್ತದೆ. ಆಮೇಲೆ ಲಾಗ್ ಓದಿ, ಒಂದು ಸಾಲು ಸೇರಿಸಿ, ಆವೃತ್ತಿ ಸಂಖ್ಯೆ ಏರಿಸಿ, ಮತ್ತೆ ಅಪ್‌ಲೋಡ್ ಮಾಡಿ, ಮತ್ತೆ ಕಾಯಬೇಕು. ಎಸ್‌ಬಿಲ್ಡ್ ಇರುವುದು ಈ ಓಡಾಟ ತಪ್ಪಿಸಲಿಕ್ಕೆ: ಪಟ್ಟಿಯಲ್ಲಿ ಬರೆದದ್ದಷ್ಟೇ ಇರುವ ಸ್ವಚ್ಛ ಜಾಗದಲ್ಲಿ ಅದು ಪ್ಯಾಕೇಜ್ ಕಟ್ಟಿ ನೋಡುತ್ತದೆ. ಡೆಬಿಯನ್‌ನ ಅಧಿಕೃತ ಬಿಲ್ಡ್ ಸರ್ವರುಗಳು ಬಳಸುವುದೂ ಇದನ್ನೇ. ಆದ್ದರಿಂದ ಅಲ್ಲಿ ಕೆಡುವುದು ಬಹುಪಾಲು ಇಲ್ಲೂ ಕೆಡುತ್ತದೆ, ಅದೂ ಅದೇ ಸಾಲಿನಲ್ಲಿ, ಅದೇ ಮಾತಿನಲ್ಲಿ. ಈ ಒಂದು ಗುಣಕ್ಕಾಗಿ ಅದರ ಉಳಿದ ರೇಜಿಗೆಗಳನ್ನೆಲ್ಲ ಸಹಿಸಬಹುದು.

ಇಲ್ಲಿ ತೂಗಿ ನೋಡಿರುವುದು 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13, ಅಂದರೆ ಟ್ರಿಕ್ಸಿಯ ಜೊತೆ ಬರುವ ಎಸ್‌ಬಿಲ್ಡನ್ನು, ಅನ್‌ಶೇರ್ ವಿಧಾನದಲ್ಲಿ. ಹಳೆಯ ವಿಧಾನದ ಹೆಸರು ಎಸ್‌ಕ್ರೂಟ್. ಅದಕ್ಕೆ ರೂಟ್ (ಯಂತ್ರದ ಪೂರ್ಣಾಧಿಕಾರಿ) ಆಗಿ ಕ್ರೂಟ್, ಅಂದರೆ ಯಂತ್ರದೊಳಗೆ ಬೇರ್ಪಡಿಸಿದ ಪುಟ್ಟ ಡೆಬಿಯನ್, ಕಟ್ಟಬೇಕಿತ್ತು, ಬಳಕೆದಾರರನ್ನು ಎಸ್‌ಬಿಲ್ಡ್ ಗುಂಪಿಗೆ ಸೇರಿಸಬೇಕಿತ್ತು, ಲಾಗಿನ್ ಬಿಟ್ಟು ಮತ್ತೆ ಬರಬೇಕಿತ್ತು. ಆ ಗುಂಪಿಗೆ ಸೇರಿದವರಿಗೆ ಕ್ರೂಟ್ ಒಳಗೆ ರೂಟ್ ಆಗುವ ಅಧಿಕಾರ ಸಿಗುವುದರಿಂದ, ಹೊರಗಿನ ಯಂತ್ರದ ಮೇಲೂ ಅವರು ಹೆಚ್ಚುಕಡಿಮೆ ರೂಟ್ ಇದ್ದಂತೆಯೇ. ಅನ್‌ಶೇರ್ ಬಂದ ಮೇಲೆ ಇದಾವುದೂ ಬೇಡ. ಲಿನಕ್ಸ್ ಕರ್ನಲ್‌ನ ಯೂಸರ್ ನೇಮ್‌ಸ್ಪೇಸ್ (ಬಳಕೆದಾರ ಐಡಿಗಳ ಪ್ರತ್ಯೇಕ ಲೋಕ) ಬಳಸಿಕೊಂಡು ಸಾಮಾನ್ಯ ಬಳಕೆದಾರರೇ ಇಡೀ ಬಿಲ್ಡ್ ನಡೆಸಬಹುದು, ಸುಡೊ ಒಮ್ಮೆಯೂ ಬೇಕಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಹಳಷ್ಟು ಕೈಪಿಡಿಗಳು ಇನ್ನೂ ಎಸ್‌ಬಿಲ್ಡ್-ಕ್ರಿಯೇಟ್‌ಕ್ರೂಟ್, ಎಸ್‌ಬಿಲ್ಡ್-ಆಡ್‌ಯೂಸರ್ ಎಂದೇ ಶುರುವಾಗುತ್ತವೆ. ಹೊಸದಾಗಿ ಕೂರಿಸುವವರು ಅವನ್ನು ಮುಚ್ಚಿಟ್ಟು ಮುಂದೆ ಓದಿ.

ಕೂರಿಸುವ ಕೆಲಸ

ಬೇಕಾದ ಪ್ಯಾಕೇಜುಗಳು ಮೂರು: ಎಸ್‌ಬಿಲ್ಡ್, ಕ್ರೂಟ್ ಕಟ್ಟುವ ಎಂಎಂಡೆಬ್‌ಸ್ಟ್ರಾಪ್, ಬಳಕೆದಾರ ಐಡಿಗಳನ್ನು ಹೊಂದಿಸುವ ಯುಐಡಿಮ್ಯಾಪ್. ಮೂರನೆಯದನ್ನು ಮರೆತರೆ ಬರುವ ದೋಷಸಂದೇಶದಿಂದ ಕಾರಣ ಊಹಿಸುವುದು ಕಷ್ಟ. ಆಮೇಲೆ /ಇಟಿಸಿ/ಸಬ್‌ಯುಐಡಿ ಮತ್ತು /ಇಟಿಸಿ/ಸಬ್‌ಜಿಐಡಿ ಎರಡೂ ಫೈಲುಗಳಲ್ಲಿ ನಿಮ್ಮ ಬಳಕೆದಾರ ಹೆಸರಿನ ಸಾಲು ಇದೆಯೇ ನೋಡಿ: ಹೆಸರು, 100000, 65536 ಎಂದು ನಡುವೆ ಕೋಲನ್ ಹಾಕಿದ ಸಾಲು. ಮೊದಲ ಸಂಖ್ಯೆ ಬೇರೆ ಇರಬಹುದು, ಎರಡನೆಯದು 65536 ಇರಲಿ. ಮಾಮೂಲಿ ರೀತಿಯಲ್ಲಿ ಸೃಷ್ಟಿಸಿದ ಖಾತೆಗೆ ಈ ಸಾಲು ತಾನಾಗಿಯೇ ಬಂದಿರುತ್ತದೆ. ಕಚೇರಿಯ ಎಲ್‌ಡ್ಯಾಪ್ (ಕೇಂದ್ರೀಯ ಖಾತೆ ವ್ಯವಸ್ಥೆ) ಮೂಲಕ ಬಂದ ಖಾತೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಕೈಯಾರೆ ಬರೆಯಬೇಕು.

ಬಿಲ್ಡ್ ನಡೆಯುವ ಕ್ರೂಟ್ ಒಂದು ಟಾರ್‌ಬಾಲ್, ಎಲ್ಲ ಫೈಲುಗಳನ್ನು ಒಂದೇ ಫೈಲಾಗಿ ಕಟ್ಟಿಟ್ಟ ಗಂಟು. ಅದರ ಜಾಗ ಮನೆ ಡೈರೆಕ್ಟರಿಯಲ್ಲಿ ಅಡಗಿರುವ ಕ್ಯಾಶ್ ಫೋಲ್ಡರಿನ ಒಳಗಿನ ಎಸ್‌ಬಿಲ್ಡ್ ಫೋಲ್ಡರು. ಟಾರ್‌ಬಾಲಿನ ಹೆಸರು ಸ್ವೀಟ್ (ಅನ್‌ಸ್ಟೇಬಲ್‌ನಂಥ ಡೆಬಿಯನ್ ಶಾಖೆ) ಮತ್ತು ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ) ಸೇರಿಸಿದ್ದಿರಬೇಕು: ಅನ್‌ಸ್ಟೇಬಲ್-ಎಎಂಡಿ64, ಕೊನೆಗೆ ಟಾರ್ ಮತ್ತು ಝಡ್‌ಎಸ್‌ಟಿ. ಎಂಎಂಡೆಬ್‌ಸ್ಟ್ರಾಪ್‌ಗೆ ವೇರಿಯಂಟ್ ಎಂಬಲ್ಲಿ ಬಿಲ್ಡ್‌ಡಿ ಎಂದು ಕೊಟ್ಟು, ಸ್ವೀಟ್ ಹೆಸರು ಮತ್ತು ಈ ಫೈಲಿನ ದಾರಿ ಕೊಟ್ಟರೆ ಟಾರ್‌ಬಾಲ್ ತಯಾರು. ಬಿಲ್ಡ್‌ಡಿ ವೇರಿಯಂಟ್‌ನಲ್ಲಿ ಇರುವುದು ಎಸೆನ್ಷಿಯಲ್ ಪ್ಯಾಕೇಜುಗಳು, ಪ್ಯಾಕೇಜು ಇಳಿಸಿ ಕೂರಿಸುವ ಆಪ್ಟ್, ಕಂಪೈಲರ್ ಮೊದಲಾದವುಗಳ ಬಿಲ್ಡ್-ಎಸೆನ್ಷಿಯಲ್, ಅಷ್ಟೇ. ಬೇರೆ ವೇರಿಯಂಟ್ ಆರಿಸಬೇಡಿ. ಸ್ಟ್ಯಾಂಡರ್ಡ್ ಎಂದು ಕೊಟ್ಟರೆ ಬೇಡದ ಪ್ಯಾಕೇಜುಗಳೆಲ್ಲ ಒಳಗೆ ಬಂದು, ಯಾವ ದೋಷ ಹಿಡಿಯಲೆಂದು ಇಷ್ಟೆಲ್ಲ ಮಾಡುತ್ತಿದ್ದೇವೋ ಅದೇ ಮುಚ್ಚಿಹೋಗುತ್ತದೆ. ಎಂಎಂಡೆಬ್‌ಸ್ಟ್ರಾಪ್ ತನ್ನದೇ ಲೆಕ್ಕಾಚಾರ ಮಾಡದೆ ಅವಲಂಬನೆಗಳನ್ನು ಆಪ್ಟ್ ಕೈಗೇ ಬಿಡುತ್ತದೆ. ಹಳೆಯ ಡೆಬೂಟ್‌ಸ್ಟ್ರಾಪ್‌ಗಿಂತ ಇದು ಚುರುಕು, ರೂಟ್ ಬೇಡುವುದಿಲ್ಲ.

ಟ್ರಿಕ್ಸಿಯ ಎಸ್‌ಬಿಲ್ಡ್‌ಗೆ ಟಾರ್‌ಬಾಲ್ ಸಿಗದಿದ್ದರೆ ಅದೇ ಎಂಎಂಡೆಬ್‌ಸ್ಟ್ರಾಪ್ ಕರೆದು ಆ ಹೊತ್ತಿಗೆ ಒಂದನ್ನು ಕಟ್ಟಿಕೊಳ್ಳುವ ಸೌಲಭ್ಯವೂ ಇದೆ. ಮೊದಲ ಸಲ ಬಳಸುವವರಿಗೆ ಇದು ದೊಡ್ಡ ಉಪಕಾರ. ಆದರೆ ಕಟ್ಟಿದ್ದನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಸಂರಚನೆಯಲ್ಲಿ ತೆರೆದಿಡದಿದ್ದರೆ ಪ್ರತಿ ಬಿಲ್ಡಿಗೂ ಹೊಸ ಕ್ರೂಟ್ ಕಟ್ಟುತ್ತಾ ಕೂರುತ್ತದೆ. ಡೇಟಾ ಲೆಕ್ಕ ಹಾಕಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಈ ಕಡೆ ಗಮನ ಕೊಡಬೇಕು. ಇಳಿಸಿದ ಪ್ಯಾಕೇಜುಗಳನ್ನು ಸಂಗ್ರಹಿಸಿಡುವ ಆಪ್ಟ್-ಕ್ಯಾಚರ್-ಎನ್‌ಜಿ ಎಂಬ ಪ್ರಾಕ್ಸಿ ಹಾಕಿಕೊಂಡು, ಅದರ 3142ನೇ ಪೋರ್ಟನ್ನು ಎಂಎಂಡೆಬ್‌ಸ್ಟ್ರಾಪ್‌ನ ಆಪ್ಟ್-ಆಯ್ಕೆಯಾಗಿ ಕೊಟ್ಟರೆ, ಆ ಸಾಲು ಟಾರ್‌ಬಾಲ್ ಒಳಗಿನ ಆಪ್ಟ್ ಸಂರಚನೆಗೂ ಸೇರುತ್ತದೆ. ಆಮೇಲಿನ ಬಿಲ್ಡುಗಳೆಲ್ಲ ಅದೇ ಸಂಗ್ರಹದಿಂದ ಪ್ಯಾಕೇಜು ಎತ್ತಿಕೊಳ್ಳುತ್ತವೆ. ಪ್ಯಾಕೇಜು ಇಳಿಸುವ ಮಿರರ್ ವಿಳಾಸ ಎಚ್‌ಟಿಟಿಪಿ ಇರಲಿ. ಎಚ್‌ಟಿಟಿಪಿಎಸ್ ಇದ್ದರೆ ನಡುವಿನ ಪ್ರಾಕ್ಸಿ ಏನನ್ನೂ ಸಂಗ್ರಹಿಸಲಾರದು. ಪ್ಯಾಕೇಜುಗಳ ಸಹಿಯನ್ನು ಆಪ್ಟ್ ಹೇಗೂ ಪರೀಕ್ಷಿಸುವುದರಿಂದ ಇಲ್ಲಿ ಎಚ್‌ಟಿಟಿಪಿಗೆ ಹೆದರುವ ಕಾರಣವಿಲ್ಲ.

ಸಂರಚನೆಯ ಫೈಲು ಮನೆ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಶುರುವಾಗುವ ಎಸ್‌ಬಿಲ್ಡ್‌ಆರ್‌ಸಿ. ಅದು ಪರ್ಲ್ ಭಾಷೆಯ ತುಣುಕು ಎಂಬುದು ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಪ್ರತಿ ಸಾಲಿಗೂ ಸೆಮಿಕೋಲನ್ ಬೇಕು, ಕೊನೆಯ ಸಾಲಿನಲ್ಲಿ 1 ಮತ್ತು ಸೆಮಿಕೋಲನ್ ಇರಲೇಬೇಕು. ಅಲ್ಲಿ ನಾಲ್ಕು ಸಂಗತಿ ಬರೆದರೆ ಸಾಕು. ಕ್ರೂಟ್-ಮೋಡ್‌ಗೆ ಅನ್‌ಶೇರ್, ಡಿಸ್ಟ್ರಿಬ್ಯೂಷನ್‌ಗೆ ಅನ್‌ಸ್ಟೇಬಲ್, ರನ್-ಲಿಂಟಿಯನ್‌ಗೆ (ಲಿಂಟಿಯನ್ ಪ್ಯಾಕೇಜಿನ ತಪ್ಪು ಹುಡುಕುವ ಉಪಕರಣ) 1, ಕ್ಲೀನ್-ಸೋರ್ಸ್‌ಗೆ 0. ಟ್ರಿಕ್ಸಿಯಲ್ಲಿ ಅನ್‌ಶೇರ್ ಹೇಳದಿದ್ದರೂ ನಡೆಯುತ್ತದೆ, ಹಿಂದಿನ ಬಿಡುಗಡೆ ಬುಕ್‌ವರ್ಮ್‌ನಲ್ಲಿ ಹೇಳಲೇಬೇಕು. ಕೊನೆಯದನ್ನು ಬಿಟ್ಟರೆ ಒಂದು ವಿಚಿತ್ರ ಎದುರಾಗಬಹುದು. ಮೂಲ ಪ್ಯಾಕೇಜ್ ಕಟ್ಟುವ ಮುಂಚೆ, ಬಿಲ್ಡಿನ ಹಂತಗಳನ್ನು ಬರೆದಿಡುವ ರೂಲ್ಸ್ ಫೈಲಿನ ಕ್ಲೀನ್ ಹಂತವನ್ನು ಕ್ರೂಟ್‌ನ ಹೊರಗೆ, ನಿಮ್ಮ ಯಂತ್ರದಲ್ಲೇ ಓಡಿಸುವ ಹಳೇ ರೂಢಿ ಇದಕ್ಕಿದೆ. ಪೈಥಾನ್‌ಗೋ ಇನ್ನೊಂದಕ್ಕೋ ಬೇಕಾದ ಡೆಬ್‌ಹೆಲ್ಪರ್ (ಪ್ಯಾಕೇಜ್ ಕಟ್ಟುವ ಸಹಾಯಕ ಉಪಕರಣಗಳ ಗುಂಪು) ಆಡ್‌ಆನ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಬಿಲ್ಡ್ ಶುರುವಾಗುವ ಮೊದಲೇ ನಿಲ್ಲುತ್ತದೆ. ಸ್ವಚ್ಛ ಕ್ರೂಟ್ ಕೊಡುವ ಉಪಕರಣ ಹೊರಗಿನ ಯಂತ್ರದಲ್ಲಿ ಬಿಲ್ಡ್-ಡಿಪೆಂಡ್ಸ್ ಕೇಳುವುದು ಯಾವ ನ್ಯಾಯವೋ!

ಜಾಗ ಸಾಲದಿದ್ದಾಗ

ಟ್ರಿಕ್ಸಿಯಲ್ಲಿ ಎಸ್‌ಬಿಲ್ಡ್ ಬಳಸುವವರಿಗೆ ಹೆಚ್ಚಾಗಿ ಕಾಟ ಕೊಡುವುದು ಎಸ್‌ಬಿಲ್ಡಿನ ದೋಷವೇ ಅಲ್ಲ. ಅನ್‌ಶೇರ್ ವಿಧಾನ ಟಾರ್‌ಬಾಲನ್ನು ಬಿಚ್ಚುವುದು /ಟಿಎಂಪಿ ಒಳಗೆ. ಟ್ರಿಕ್ಸಿಯಿಂದ ಹೊಸ ಸ್ಥಾಪನೆಗಳಲ್ಲಿ /ಟಿಎಂಪಿ ಎಂಬುದು ಡಿಸ್ಕಿನ ಮೇಲಿಲ್ಲ. ಅದು ಟಿಎಂಪಿಎಫ್‌ಎಸ್, ಅಂದರೆ ರ‍್ಯಾಮ್. ಅದರ ಮಿತಿ ಒಟ್ಟು ರ‍್ಯಾಮಿನ 50%. 8 ಜಿಬಿ ಇರುವ ಯಂತ್ರದಲ್ಲಿ 4 ಜಿಬಿ ಜಾಗಕ್ಕೆ ಕ್ರೂಟ್, ಬಿಲ್ಡ್-ಡಿಪೆಂಡ್ಸ್, ಮೂಲ, ಆಬ್ಜೆಕ್ಟ್ ಫೈಲುಗಳು, ಡೀಬಗ್ ಚಿಹ್ನೆಗಳು ಎಲ್ಲ ಹಿಡಿಯಬೇಕು. ಉಳಿದ ಅರ್ಧದಲ್ಲಿ ಕಂಪೈಲರ್ ಉಸಿರಾಡಬೇಕು. ಸಣ್ಣ ಪ್ಯಾಕೇಜಿಗೆ ಇದು ವರವೇ, ಬಿಲ್ಡ್ ಮಿಂಚಿನಂತೆ ಮುಗಿಯುತ್ತದೆ. ಕ್ಯೂಟಿ ಎಂಬ ದೊಡ್ಡ ಲೈಬ್ರರಿ ಅವಲಂಬಿಸಿದ ಪ್ಯಾಕೇಜು ಅಥವಾ ಟೆಕ್‌ಲೈವ್ ಎಂಬ ಅಕ್ಷರಜೋಡಣೆ ತಂತ್ರಾಂಶ ಎಳೆದುಕೊಳ್ಳುವ ದಸ್ತಾವೇಜು ಇದ್ದರೆ "ಡಿಸ್ಕಿನಲ್ಲಿ ಜಾಗವಿಲ್ಲ" ಎಂಬ ಸಂದೇಶ ಬರುತ್ತದೆ. ಡಿಸ್ಕ್ ನೋಡಿದರೆ ನೂರು ಜಿಬಿ ಖಾಲಿ. ಇನ್ನೂ ಕೆಟ್ಟ ಸಂದರ್ಭದಲ್ಲಿ ರ‍್ಯಾಮ್ ಮುಗಿದು ಕರ್ನಲ್ ಕಂಪೈಲರನ್ನೇ ಕೊಲ್ಲುತ್ತದೆ, ಲಾಗಿನಲ್ಲಿ "ಕಿಲ್ಡ್" ಎಂಬ ಒಂದೇ ಪದ.

ಪರಿಹಾರ ಎಸ್‌ಬಿಲ್ಡ್‌ಆರ್‌ಸಿಯಲ್ಲಿ ಒಂದು ಸಾಲು: ಅನ್‌ಶೇರ್-ಟಿಎಂಪಿಡಿಐಆರ್-ಟೆಂಪ್ಲೇಟ್ ಎಂಬುದಕ್ಕೆ ಡಿಸ್ಕಿನ ಮೇಲಿನ ದಾರಿ ಕೊಡಿ. /ವಾರ್/ಟಿಎಂಪಿ ಒಳ್ಳೆಯದು. ಮನೆ ಡೈರೆಕ್ಟರಿ ಒಳಗಿನ ದಾರಿ ಕೊಡುವ ಆಸೆ ಬರುತ್ತದೆ, ಅಲ್ಲಿ ಇನ್ನೊಂದು ತೊಡಕು. ನೇಮ್‌ಸ್ಪೇಸ್ ಒಳಗಿನ ಬಳಕೆದಾರ ಹೊರಗಿನವರ ಲೆಕ್ಕದಲ್ಲಿ 100000ದ ಆಚೆಯ ಯಾವುದೋ ಅಪರಿಚಿತ ಐಡಿ. ಮನೆ ಡೈರೆಕ್ಟರಿಯ ಅನುಮತಿ 0700 ಇದ್ದರೆ ಆ ಅಪರಿಚಿತನಿಗೆ ಬಾಗಿಲು ದಾಟಲಾಗದು, "ಪರ್ಮಿಷನ್ ಡಿನೈಡ್" ಬರುತ್ತದೆ. ದಾರಿಯಲ್ಲಿ ಬರುವ ಪ್ರತಿ ಡೈರೆಕ್ಟರಿಗೂ ಇತರರಿಗೆ ಎಕ್ಸಿಕ್ಯೂಟ್ ಅನುಮತಿ ಬೇಕು.

ಎಷ್ಟು ಜಾಗ ಬೇಕು ಎಂದು ಊಹಿಸುವ ಅಗತ್ಯವಿಲ್ಲ. ಪ್ರತಿ ಲಾಗಿನ ಕೊನೆಗೆ ಬರುವ ಸಾರಾಂಶದಲ್ಲಿ ಬಿಲ್ಡ್-ಸ್ಪೇಸ್ ಎಂಬ ಸಾಲಿದೆ, ಕೆಬಿ ಲೆಕ್ಕದಲ್ಲಿ. ಅದಕ್ಕೆ ಬಿಚ್ಚಿದ ಕ್ರೂಟ್ ಮತ್ತು ಅವಲಂಬನೆಗಳ ಗಾತ್ರ ಕೂಡಿಸಿ. ಅದೇ ಪ್ಯಾಕೇಜಿನ ಹಿಂದಿನ ಲಾಗು ಡೆಬಿಯನ್‌ನ ಬಿಲ್ಡ್ ಲಾಗ್ ಸಂಗ್ರಹದಲ್ಲೂ ಸಿಗುತ್ತದೆ. ಅಲ್ಲಿಯ ಸಂಖ್ಯೆ ನೋಡಿಕೊಂಡೇ ಶುರು ಮಾಡಬಹುದು.

ಏನೇನು ಹಿಡಿಯುತ್ತದೆ

ಇದು ಈ ಉಪಕರಣದ ಸತ್ವ, ಇಲ್ಲಿ ನಿಧಾನವಾಗಿ ನೋಡುವುದು ಒಳ್ಳೆಯದು. ಬಿಲ್ಡ್-ಡಿಪೆಂಡ್ಸ್‌ನಲ್ಲಿ ಬಿಟ್ಟುಹೋದ ಪಿಕೆಜಿ-ಕಾನ್ಫಿಗ್ ಹಿಡಿಯುವುದು ಸುಲಭದ ಮಾತು, ಅದನ್ನು ಇದೇ ಕೆಲಸದ ಇನ್ನೊಂದು ಉಪಕರಣ ಪಿಬಿಲ್ಡರ್ ಕೂಡ ಹಿಡಿಯುತ್ತದೆ. ಸೂಕ್ಷ್ಮವಾದವು ಬೇರೆ.

ಮೊದಲನೆಯದು ನೆಟ್‌ವರ್ಕ್. ಅನ್‌ಶೇರ್ ವಿಧಾನದಲ್ಲಿ ಅವಲಂಬನೆಗಳನ್ನು ಇಳಿಸಿಕೊಂಡು ಮುಗಿದ ಮೇಲೆ, ನಿಜವಾದ ಬಿಲ್ಡ್ ನಡೆಯುವಾಗ ಹೊರಜಗತ್ತಿನ ಸಂಪರ್ಕ ಕಡಿದುಹೋಗಿರುತ್ತದೆ. ಯಂತ್ರ ತನ್ನೊಂದಿಗೇ ಮಾತಾಡುವ ಲೂಪ್‌ಬ್ಯಾಕ್ ಮಾತ್ರ ಉಳಿಯುತ್ತದೆ. ಬಿಲ್ಡ್ ವೇಳೆ ಲೈಬ್ರರಿ ಇಳಿಸುವ ಪಿಪ್, ಎನ್‌ಪಿಎಂ, ಕಾರ್ಗೊ ಏನಾದರೂ ಎಳೆದುಕೊಳ್ಳಲು ಹೋದರೆ ತಕ್ಷಣ ಗೊತ್ತಾಗುತ್ತದೆ. ಮುಖ್ಯ ಸಂಗ್ರಹದ ಪ್ಯಾಕೇಜುಗಳು ಬಿಲ್ಡ್ ವೇಳೆ ನೆಟ್‌ವರ್ಕ್ ಮುಟ್ಟಬಾರದು ಎಂದು ಡೆಬಿಯನ್ ನೀತಿಯೇ ಹೇಳುತ್ತದೆ. ಎನೇಬಲ್-ನೆಟ್‌ವರ್ಕ್ ಎಂಬ ಆಯ್ಕೆ ಇದೆ. ಆದರೆ ಅದನ್ನು ಹಾಕಿ ಬಿಲ್ಡ್ ಗೆಲ್ಲಿಸಿಕೊಂಡರೆ ರೋಗ ಪತ್ತೆಯಾಯಿತು ಎಂದಷ್ಟೇ ಅರ್ಥ.

ಎರಡನೆಯದು ಹೋಮ್ ಡೈರೆಕ್ಟರಿ. ಎಸ್‌ಬಿಲ್ಡ್ ಒಳಗೆ ಹೋಮ್ ಎಂಬ ಚರಾಂಶದ ಬೆಲೆಯೇ /ಎಸ್‌ಬಿಲ್ಡ್-ನಾನ್‌ಎಗ್ಸಿಸ್ಟೆಂಟ್, ಇಲ್ಲದ ಡೈರೆಕ್ಟರಿ ಎಂದು ಹೆಸರಿನಲ್ಲೇ ಸಾರಿಕೊಂಡದ್ದು. ಮನೆಗೆ ಕ್ಯಾಶ್ ಬರೆಯುವ ಟೆಸ್ಟುಗಳೆಲ್ಲ ಅಲ್ಲಿ ಬೀಳುತ್ತವೆ. ಫಾಂಟ್‌ಕಾನ್ಫಿಗ್ "ಬರೆಯಬಲ್ಲ ಕ್ಯಾಶ್ ಡೈರೆಕ್ಟರಿ ಇಲ್ಲ" ಎಂದು ಗೊಣಗುವುದು ಇದಕ್ಕೇ. ಡೆಬ್‌ಹೆಲ್ಪರ್‌ನ ಕಂಪ್ಯಾಟ್ ಮಟ್ಟ (ಅದು ಯಾವ ಆವೃತ್ತಿಯ ನಡವಳಿಕೆ ಅನುಸರಿಸಬೇಕು ಎಂಬ ಸಂಖ್ಯೆ) 13ಕ್ಕೆ ಏರಿಸಿದರೆ ಅದು ಪ್ಯಾಕೇಜಿನ ಒಳಗೇ ತಾತ್ಕಾಲಿಕ ಹೋಮ್ ಒದಗಿಸುತ್ತದೆ, ಹೆಚ್ಚಿನ ಸಂದರ್ಭದಲ್ಲಿ ಸಮಸ್ಯೆ ಮಾಯ. ರೂಲ್ಸ್ ಫೈಲಿನಲ್ಲಿ ಕೈಯಾರೆ ಹೋಮ್ ಬದಲಿಸುವ ಹಳೆಯ ಸಾಲುಗಳು ಇದ್ದರೆ ಆಗ ಅಳಿಸಿಬಿಡಿ.

ಮೂರನೆಯದು ಸಮಯವಲಯ. ಸಮಯವಲಯಗಳ ಮಾಹಿತಿ ಇರುವ ಟಿಝಡ್‌ಡೇಟಾ ಈಗ ಬಿಲ್ಡ್ ಕ್ರೂಟ್‌ನಲ್ಲಿ ತಾನಾಗಿ ಇರುವುದಿಲ್ಲ. ಏಷ್ಯಾ/ಕೋಲ್ಕತ್ತಾ ಸಮಯ ಇಟ್ಟುಕೊಂಡು ಐದೂವರೆ ಗಂಟೆಯ ಅಂತರ ಪರೀಕ್ಷಿಸುವ ಟೆಸ್ಟು ಲ್ಯಾಪ್‌ಟಾಪಿನಲ್ಲಿ ಪಾಸು, ಇಲ್ಲಿ ಫೇಲು. ಬಿಲ್ಡ್-ಡಿಪೆಂಡ್ಸ್‌ನಲ್ಲಿ ಟಿಝಡ್‌ಡೇಟಾ ಸೇರಿಸಿ, ಟೆಸ್ಟಿಗೆ ಮಾತ್ರ ಬೇಕಾದರೆ ಟೆಸ್ಟು ಓಡಿಸದ ನೋಚೆಕ್ ಪ್ರೊಫೈಲಿನಲ್ಲಿ ಬೇಡ ಎಂದು ಗುರುತಿಸಿ.

ನಾಲ್ಕನೆಯದು ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸಂರಚನೆ. ಒಳಗಿರುವುದು ಸಿ-ಯುಟಿಎಫ್8 ಒಂದೇ. ಕನ್ನಡದ ಕೆಎನ್-ಐಎನ್ ಲೊಕೇಲಿನಲ್ಲಿ ದಿನಾಂಕ ಅಥವಾ ಅಕಾರಾದಿ ಕ್ರಮ ಪರೀಕ್ಷಿಸುವ ತಂತ್ರಾಂಶಕ್ಕೆ ಲೊಕೇಲ್ಸ್-ಆಲ್ ಪ್ಯಾಕೇಜ್ ಬೇಕು. ಅದಿಲ್ಲದಿದ್ದರೆ ಎಷ್ಟೋ ಪ್ರೋಗ್ರಾಮುಗಳು ದೋಷ ತೋರಿಸದೆ ಸಿ ಲೊಕೇಲಿಗೇ ಇಳಿದು ಕೋಡ್‌ಪಾಯಿಂಟ್ ಕ್ರಮದಲ್ಲಿ ವಿಂಗಡಿಸಿ ಮುಗಿಸುತ್ತವೆ. ಟೆಸ್ಟಿನ ಅಪೇಕ್ಷಿತ ಉತ್ತರ ಗಟ್ಟಿಯಾಗಿ ಬರೆದಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳದ ದೋಷಗಳೂ ಇವೆ, ಅದನ್ನು ಮುಚ್ಚಿಟ್ಟರೆ ಈ ವಿಮರ್ಶೆ ಜಾಹೀರಾತಾದೀತು. ಕನ್ನಡ ಕೈಪಿಡಿಯನ್ನು ಝೀಲೇಟೆಕ್ ಎಂಬ ಅಕ್ಷರಜೋಡಣೆ ಉಪಕರಣದಿಂದ ಪಿಡಿಎಫ್ ಮಾಡುವ ಪ್ಯಾಕೇಜ್ ತೆಗೆದುಕೊಳ್ಳಿ. ಕ್ರೂಟ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಫಾಂಟನ್ನು ಹೆಸರು ಹಿಡಿದು ಕೇಳಿದ್ದರೆ ಬಿಲ್ಡ್ ನಿಲ್ಲುತ್ತದೆ, ಸರಿ. ಕೇಳದೆ ಬೇರೆ ಫಾಂಟಿನಲ್ಲೇ ಕನ್ನಡ ಅಕ್ಷರ ಬಂದರೆ "ಮಿಸ್ಸಿಂಗ್ ಕ್ಯಾರೆಕ್ಟರ್" ಎಂಬ ಎಚ್ಚರಿಕೆ ಲಾಗಿನಲ್ಲಿ ಸಾವಿರ ಸಾಲು ತುಂಬುತ್ತದೆ, ಬಿಲ್ಡ್ ಮಾತ್ರ ಯಶಸ್ವಿ. ಪಿಡಿಎಫ್ ತೆರೆದರೆ ಅಕ್ಷರಗಳ ಜಾಗದಲ್ಲಿ ಖಾಲಿ ಪೆಟ್ಟಿಗೆ ಅಥವಾ ಏನೂ ಇಲ್ಲ. ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು, ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಎಲ್ಲವೂ ಡೆಬಿಯನ್‌ನಲ್ಲಿವೆ. ಒಂದನ್ನು ಬಿಲ್ಡ್-ಡಿಪೆಂಡ್ಸ್‌ಗೆ ಹಾಕಿ, ಟೆಕ್ ಫೈಲಿನಲ್ಲೂ ಹೆಸರಿಸಿ. ಲಾಗಿನಲ್ಲಿ ಆ ಎಚ್ಚರಿಕೆ ಕಂಡರೆ ಬಿಲ್ಡ್ ನಿಲ್ಲಿಸುವ ಗ್ರೆಪ್ (ಪಠ್ಯ ಹುಡುಕುವ ಆಜ್ಞೆ) ಸಾಲೊಂದನ್ನು ರೂಲ್ಸ್‌ನಲ್ಲಿ ಇಟ್ಟರೆ ಇನ್ನೂ ಕ್ಷೇಮ.

ಬಿಲ್ಡ್-ಡಿಪೆಂಡ್ಸ್‌ನಲ್ಲಿ "ಇದು ಅಥವಾ ಅದು" ಎಂದು ಬರೆದವರಿಗೂ ಒಂದು ಅಚ್ಚರಿ ಕಾದಿದೆ. ಆಪ್ಟ್ ರಿಸಾಲ್ವರ್ (ಯಾವ ಅವಲಂಬನೆ ಹಾಕಬೇಕೆಂದು ತೀರ್ಮಾನಿಸುವ ಭಾಗ) ಬಳಸುವಾಗ ಎಸ್‌ಬಿಲ್ಡ್ ಮೊದಲ ಆಯ್ಕೆಯನ್ನಷ್ಟೇ ಪರಿಗಣಿಸುತ್ತದೆ. ಮೊದಲನೆಯದು ಸಂಗ್ರಹದಲ್ಲಿ ಇಲ್ಲದಿದ್ದರೆ, ಎರಡನೆಯದು ಕಣ್ಣೆದುರೇ ಇದ್ದರೂ, ಅವಲಂಬನೆ ಪೂರೈಸಲಾಗದು ಎಂದು ಕೈಚೆಲ್ಲುತ್ತದೆ. ಒಂದೇ ಮೂಲ ಇವತ್ತು ಒಂದು ಲೈಬ್ರರಿಗೆ, ನಾಳೆ ಇನ್ನೊಂದಕ್ಕೆ ಜೋಡಣೆಯಾಗಬಾರದು ಎಂಬ ಉದ್ದೇಶ ಇದರ ಹಿಂದಿದೆ. ಅನ್‌ಸ್ಟೇಬಲ್‌ನಲ್ಲಿ ಸಿಗುವುದನ್ನು ಮೊದಲು ಬರೆಯಿರಿ, ಹಳೆಯ ಬಿಡುಗಡೆಗೆ ಕಟ್ಟುವ ಬ್ಯಾಕ್‌ಪೋರ್ಟಿಗೆ ಬೇಕಾದ್ದನ್ನು ಆಮೇಲೆ. ಎಕ್ಸ್‌ಪೆರಿಮೆಂಟಲ್ ಎಂಬ ಪ್ರಯೋಗದ ಸಂಗ್ರಹಕ್ಕೆ ಕಟ್ಟುವಾಗ ಸಮಸ್ಯೆ ತಿರುಗುಮುರುಗು. ಆ ಸಂಗ್ರಹದ ಆದ್ಯತೆ 1 ಆಗಿರುವುದರಿಂದ ಆಪ್ಟ್ ಅಲ್ಲಿಂದ ತಾನಾಗಿ ಏನನ್ನೂ ಎತ್ತುವುದಿಲ್ಲ. ರಿಸಾಲ್ವರನ್ನು ಆಸ್ಪ್‌ಕಡ್ ಅಥವಾ ಆಪ್ಟಿಟ್ಯೂಡ್‌ಗೆ ಬದಲಿಸಿ.

ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ

ಉಪಕರಣವೊಂದನ್ನು ಅಳೆಯಬೇಕಾದ್ದು ಇಲ್ಲಿ. ಎಸ್‌ಬಿಲ್ಡಿನ ಲಾಗು ಉದ್ದ, ಆದರೆ ಶಿಸ್ತಿನದು. ಮೇಲಿನಿಂದ ಓದಬೇಡಿ. ಕೊನೆಯ ಸಾರಾಂಶದಲ್ಲಿ ಫೇಲ್-ಸ್ಟೇಜ್ ಎಂಬ ಸಾಲು ನೋಡಿ. ಇನ್‌ಸ್ಟಾಲ್-ಡೆಪ್ಸ್ ಎಂದಿದ್ದರೆ ಅವಲಂಬನೆಯ ಗೊಂದಲ, ಪ್ಯಾಕೇಜಿನ ಕೋಡನ್ನು ಬೈಯುವುದು ಬೇಡ. ಬಿಲ್ಡ್ ಎಂದಿದ್ದರೆ ಮಾತ್ರ ಮೇಲಕ್ಕೆ ಹೋಗಿ. ಹಾಗೆ ಹೋಗುವಾಗಲೂ ಕೊನೆಯ ದೋಷಸಾಲು ಮೋಸ ಮಾಡುತ್ತದೆ. ಬಿಲ್ಡ್ ನಡೆಸುವ ಮೇಕ್ ಸಮಾನಾಂತರವಾಗಿ ಓಡುವಾಗ ಒಂದು ಕೆಲಸ ಕೆಟ್ಟ ಮೇಲೂ ಆಗಲೇ ಶುರುವಾದ ಉಳಿದವನ್ನು ಮುಗಿಸಿಯೇ ನಿಲ್ಲುವುದರಿಂದ ನಿಜವಾದ ದೋಷ ನೂರಿನ್ನೂರು ಸಾಲು ಮೇಲೆ ಹೂತಿರಬಹುದು. ಡೆಬ್-ಬಿಲ್ಡ್-ಆಪ್ಷನ್ಸ್‌ನಲ್ಲಿ ಪ್ಯಾರಲಲ್ ಎಂಬುದಕ್ಕೆ 1 ಕೊಟ್ಟು ಮತ್ತೆ ಓಡಿಸಿ. ಆಗ ದೋಷ ಕೊನೆಗೇ ಬಂದು ನಿಲ್ಲುತ್ತದೆ. ದೋಷವೇ ಮಾಯವಾದರೆ ಮೇಕ್‌ಫೈಲಿನಲ್ಲಿ ಒಂದು ಅವಲಂಬನೆ ಬರೆದಿಲ್ಲ ಎಂದು ತಿಳಿಯಿರಿ, ಅದು ಬೇರೆಯೇ ಬೇಟೆ.

ಬಿಲ್ಡ್ ಕೆಟ್ಟ ಜಾಗದಲ್ಲೇ ಶೆಲ್ ತೆರೆಯುವ ಆಯ್ಕೆ ಇದರ ಅತ್ಯುತ್ತಮ ಗುಣ ಎಂದರೆ ತಪ್ಪಾಗದು. ಎನಿಥಿಂಗ್-ಫೇಲ್ಡ್-ಕಮಾಂಡ್ಸ್ ಎಂಬ ಆಯ್ಕೆಗೆ ಶೇಕಡಾ ಚಿಹ್ನೆಯ ಜೊತೆ ದೊಡ್ಡಕ್ಷರದ ಎಸ್‌ಬಿಲ್ಡ್-ಶೆಲ್ ಎಂದು ಕೊಟ್ಟರೆ, ಕೆಟ್ಟ ಕ್ಷಣದ ಕ್ರೂಟ್ ಹಾಗೇ ಉಳಿದು ನಿಮ್ಮನ್ನು ಒಳಗೆ ಬಿಡುತ್ತದೆ. ಕಾನ್ಫಿಗ್ ಲಾಗ್, ಟೆಸ್ಟ್ ಔಟ್‌ಪುಟ್ ಎಲ್ಲ ಅಲ್ಲೇ ಇವೆ. ಒಳಗೆ ವಿಮ್ ಇಲ್ಲ, ನ್ಯಾನೊ ಇಲ್ಲ. ಆಡ್-ಡಿಪೆಂಡ್ಸ್ ಆಯ್ಕೆಯಲ್ಲಿ ವಿಮ್ ಎಂದು ಸೇರಿಸಿ ಓಡಿಸಿದರೆ ಅದೂ ಬರುತ್ತದೆ. ಅದೇ ಲಾಗನ್ನು ದೋಷವರದಿಗೆ ಲಗತ್ತಿಸಬೇಡಿ, ಸ್ವಚ್ಛವಾಗಿ ಮತ್ತೊಮ್ಮೆ ಓಡಿಸಿದ್ದನ್ನು ಕಳಿಸಿ. ಟೆಸ್ಟೊಂದು ನೇತುಹಾಕಿಕೊಂಡು ಏನನ್ನೂ ಮುದ್ರಿಸದೆ ಕೂತರೆ 150 ನಿಮಿಷಗಳ ನಂತರ ಎಸ್‌ಬಿಲ್ಡ್ ತಾನಾಗಿ ಕೊಲ್ಲುತ್ತದೆ. ಮನೆಯ ಯಂತ್ರಕ್ಕೆ ಈ ಅವಧಿ ಬಹಳ ಉದಾರ, ಸ್ಟಾಲ್ಡ್-ಪಿಕೆಜಿ-ಟೈಮ್‌ಔಟ್ 20ಕ್ಕೆ ಇಳಿಸಿದರೆ ಯಾರಿಗೂ ನಷ್ಟವಿಲ್ಲ.

ಇನ್ನೂ ಸಂಗ್ರಹಕ್ಕೆ ಸೇರದ ಲೈಬ್ರರಿಗೆ ಎದುರಾಗಿ ಕಟ್ಟಬೇಕಾದಾಗ ಎಕ್ಸ್‌ಟ್ರಾ-ಪ್ಯಾಕೇಜ್ ಆಯ್ಕೆಗೆ ಡೆಬ್ ಫೈಲಿನ ದಾರಿ ಕೊಟ್ಟರೆ ಆಯಿತು. ಹಿಂದೆ ಇದಕ್ಕೆ ಸ್ಥಳೀಯ ರಿಪಾಸಿಟರಿ ಕಟ್ಟಿ, ಸಹಿ ಹಾಕಿ, ಕ್ರೂಟ್ ಒಳಗೆ ಕೀಲಿ ತುರುಕುವ ಸರ್ಕಸ್ ಇತ್ತು.

ಜೊತೆಗಾರ ಉಪಕರಣಗಳು

ಎಸ್‌ಬಿಲ್ಡ್ ಬರೀ ಅಂಗಳ, ಒಳಗೆ ಕುಣಿಯುವುದು ಡೆಬ್‌ಹೆಲ್ಪರ್. ಹಳೆಯ ಪ್ಯಾಕೇಜೊಂದನ್ನು ವಹಿಸಿಕೊಂಡವರು ಮೊದಲು ಮಾಡಬೇಕಾದ್ದು ಕಂಪ್ಯಾಟ್ ಎಂಬ ಪ್ರತ್ಯೇಕ ಫೈಲನ್ನು ಅಳಿಸಿ, ಬಿಲ್ಡ್-ಡಿಪೆಂಡ್ಸ್‌ನಲ್ಲಿ ಡೆಬ್‌ಹೆಲ್ಪರ್-ಕಂಪ್ಯಾಟ್ ಸಮ 13 ಎಂದು ಬರೆಯುವುದು. ಟ್ರಿಕ್ಸಿಯಲ್ಲಿ ಶಿಫಾರಸಾದ ಮಟ್ಟ ಅದೇ. 9ರಿಂದ 13ಕ್ಕೆ ನೇರ ಹಾರಿದರೆ ಎರಡು ಕಡೆ ಎಡವುತ್ತೀರಿ. 10ರಿಂದ ಬಿಲ್ಡ್ ಸಮಾನಾಂತರ ಓಡುತ್ತದೆ, ಆಟೋಕಾನ್ಫ್‌ನ ಕಾನ್ಫಿಗರ್ ಸ್ಕ್ರಿಪ್ಟು ಹೊಸದಾಗಿ ಸೃಷ್ಟಿಯಾಗುತ್ತದೆ, ಹಾಗಾಗಿ ಹಳೇ ಮೇಕ್‌ಫೈಲುಗಳ ಹುಳುಕು ಹೊರಬರುತ್ತದೆ. 13ರಿಂದ ಡಿಎಚ್-ಮಿಸ್ಸಿಂಗ್ ಕಟ್ಟುನಿಟ್ಟು: ಇನ್‌ಸ್ಟಾಲ್ ಹಂತದಲ್ಲಿ ಹುಟ್ಟಿದ ಯಾವುದೇ ಫೈಲು ಯಾವ ಪ್ಯಾಕೇಜಿಗೂ ಸೇರದೆ ಉಳಿದರೆ ಬಿಲ್ಡ್ ನಿಲ್ಲುತ್ತದೆ. ಬೇಕಾದ್ದಾದರೆ ಇನ್‌ಸ್ಟಾಲ್ ಪಟ್ಟಿಗೆ, ಬೇಡದ್ದಾದರೆ ನಾಟ್-ಇನ್‌ಸ್ಟಾಲ್ಡ್ ಪಟ್ಟಿಗೆ ಸೇರಿಸಿ. ಲಿಬ್‌ಟೂಲ್‌ನ ಎಲ್‌ಎ ಫೈಲುಗಳು ಇಲ್ಲಿಯ ಕಾಯಂ ಅತಿಥಿಗಳು. ಫೇಲ್-ಮಿಸ್ಸಿಂಗ್ ಅನ್ನೇ ಆರಿಸಿಬಿಡುವ ಸಾಲು ಬರೆದವರು ಮುಂದಿನ ಆವೃತ್ತಿಯಲ್ಲಿ ಮೂಲ ತಂತ್ರಾಂಶ ಬರೆಯುವವರು ಸೇರಿಸಿದ ಮ್ಯಾನ್ ಪೇಜ್ ಕಳೆದುಕೊಂಡು ಬಳಕೆದಾರರಿಂದ ದೂರು ಕೇಳುತ್ತಾರೆ.

ಲಿಂಟಿಯನ್ ವಿಷಯ ಚುಟುಕಾಗಿ: ಇ (ದೋಷ) ಎಂದು ಶುರುವಾಗುವ ಸಾಲು ಸರಿಮಾಡಿ, ಡಬ್ಲ್ಯೂ (ಎಚ್ಚರಿಕೆ) ಓದಿ, ಪೆಡಾಂಟಿಕ್ (ಅತಿಸೂಕ್ಷ್ಮ ಆಕ್ಷೇಪ) ಬಿಡುವಿದ್ದಾಗ.

ಒಂದೇ ಮೂಲ ಎರಡು ಸಲ ಕಟ್ಟಿದಾಗ ಅದೇ ಬೈನರಿ ಬರುತ್ತದೆಯೇ ಎಂದು ನೋಡುವ ಪುನರುತ್ಪಾದನೆ ಪರೀಕ್ಷೆಗೆ ಎಸ್‌ಬಿಲ್ಡ್ ಈಗ ಹಿಂದೆಂದಿಗಿಂತ ಅನುಕೂಲ. ಹಿಂದೆ ಬಿಲ್ಡ್ ಡೈರೆಕ್ಟರಿಯ ಹೆಸರಿಗೆ ಪ್ರತಿ ಸಲ ಬೇರೆ ಬೇರೆ ಅಕ್ಷರಗಳ ಬಾಲ ಅಂಟುತ್ತಿತ್ತು, ಆ ದಾರಿ ಬೈನರಿಯೊಳಗೆ ಸೇರಿ ಎರಡು ಬಿಲ್ಡು ಒಂದೇ ಆಗುತ್ತಿರಲಿಲ್ಲ. ಈಗ /ಬಿಲ್ಡ್/ರಿಪ್ರೊಡ್ಯೂಸಿಬಲ್-ಪಾತ್ ಎಂಬ ಸ್ಥಿರ ಹೆಸರು. ಎರಡು ಸಲ ಕಟ್ಟಿ, ಎರಡೂ ಚೇಂಜಸ್ ಫೈಲುಗಳನ್ನು ವ್ಯತ್ಯಾಸ ತೋರಿಸುವ ಡಿಫೊಸ್ಕೋಪ್‌ಗೆ ಕೊಡಿ. ಫಾಂಟ್‌ಫೋರ್ಜ್‌ನಿಂದ ಕಟ್ಟುವ ಫಾಂಟ್ ಪ್ಯಾಕೇಜುಗಳಲ್ಲಿ ವ್ಯತ್ಯಾಸ ಕಂಡರೆ ಮೊದಲು ಹೆಡ್ ಕೋಷ್ಟಕದ ಮಾರ್ಪಾಡು ವೇಳೆ ಮತ್ತು ಎಫ್‌ಎಫ್‌ಟಿಎಂ ಕೋಷ್ಟಕ ನೋಡಿ. ಎರಡರಲ್ಲೂ ಗಡಿಯಾರದ ಹೊತ್ತು ಕೂರುವ ಅಭ್ಯಾಸವಿದೆ. ಚೇಂಜ್‌ಲಾಗಿನ ಮೇಲ್ತುದಿಯ ದಿನಾಂಕವನ್ನು ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಸೋರ್ಸ್-ಡೇಟ್-ಎಪಾಕ್ ಎಂಬ ಚರಾಂಶವಾಗಿ ಕೊಡುತ್ತದೆ. ನಡುವೆ ಬರುವ ಯಾವುದೋ ಸ್ಕ್ರಿಪ್ಟು ಅದನ್ನು ಕಡೆಗಣಿಸಿ ಈಗಿನ ಹೊತ್ತು ಕೇಳಿದರೆ ಕೆಲಸ ಕೆಟ್ಟಿತು.

ಕೊರತೆಗಳು

ದಸ್ತಾವೇಜು ಚದುರಿದೆ. ಆಯ್ಕೆಗಳು ಎಸ್‌ಬಿಲ್ಡ್‌ನ ಮ್ಯಾನ್ ಪೇಜಿನಲ್ಲಿ, ಚರಾಂಶಗಳು ಎಸ್‌ಬಿಲ್ಡ್-ಕಾನ್ಫ್ ಪೇಜಿನಲ್ಲಿ, ಒಂದೇ ಸಂಗತಿಗೆ ಎರಡು ಕಡೆ ಎರಡು ಹೆಸರು. ಯೂಸರ್ ನೇಮ್‌ಸ್ಪೇಸ್ ಸಿಗದ ಕಡೆ ಬರುವ ದೋಷಸಂದೇಶಗಳು ಒರಟು. ಡಾಕರ್ ಕಂಟೇನರ್ ಒಳಗೆ ಮಾಮೂಲಿ ಅನುಮತಿಗಳೊಂದಿಗೆ ಅನ್‌ಶೇರ್ ಓಡುವುದಿಲ್ಲ. ಉಬುಂಟು 24.04ರಲ್ಲಿ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ ಸಾಮಾನ್ಯ ಬಳಕೆದಾರರ ನೇಮ್‌ಸ್ಪೇಸ್ ನಿರ್ಬಂಧಿಸುತ್ತದೆ. ಅಲ್ಲಿಯ ಸಂಗ್ರಹದಿಂದ ಬಂದ ಎಸ್‌ಬಿಲ್ಡ್ ಬಳಸಿದರೆ ತೊಂದರೆಯಿಲ್ಲ, ಗಿಟ್‌ನಿಂದ ಎಳೆದ ಪ್ರತಿಯನ್ನು ಮನೆ ಡೈರೆಕ್ಟರಿಯಿಂದ ಓಡಿಸಿದರೆ ಪ್ರೊಫೈಲ್ ಹೊಂದದೆ ಬೀಳುತ್ತದೆ. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಶ್ ಜೋಡಿಸುವುದು ಅನ್‌ಶೇರ್‌ನಲ್ಲಿ ಪಿಬಿಲ್ಡರ್‌ನಷ್ಟು ಸಲೀಸಲ್ಲ. ದೊಡ್ಡ ಸಿಪ್ಲಸ್‌ಪ್ಲಸ್ ಮೂಲವನ್ನು ದಿನಕ್ಕೆ ಹತ್ತು ಸಲ ಕಟ್ಟುವವರಿಗೆ ಇದು ನಿಜವಾದ ಕೊರತೆ. ಅವರು ದಿನದ ಕೆಲಸ ಹೊರಗೇ ಮಾಡಿ, ಅಪ್‌ಲೋಡಿಗೆ ಮುಂಚಿನ ಕೊನೆಯ ಬಿಲ್ಡಿಗೆ ಎಸ್‌ಬಿಲ್ಡ್ ಇಟ್ಟುಕೊಳ್ಳುವುದೇ ವಾಸಿ.

ಇದನ್ನು ಭದ್ರತಾ ಪೆಟ್ಟಿಗೆ ಎಂದೂ ತಿಳಿಯಬೇಡಿ. ಕ್ರೂಟ್ ಶುದ್ಧವಾಗಿದ್ದರೂ ಒಳಗೆ ಬರುವ ಮೂಲ ಶುದ್ಧವಿರಬೇಕಲ್ಲ. 2024ರ ಮಾರ್ಚ್ 29ರಂದು ಬಯಲಾದ, ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ತಂತ್ರಾಂಶದೊಳಗಿನ ಹಿಂಬಾಗಿಲು 5.6.0 ಮತ್ತು 5.6.1ರ ಬಿಡುಗಡೆ ಟಾರ್‌ಬಾಲಿನಲ್ಲಿತ್ತು. ಅದನ್ನು ಎಬ್ಬಿಸುವ, ಬಿಲ್ಡ್ ಸ್ಕ್ರಿಪ್ಟಿನ ಎಂ4 ಸಾಲುಗಳು ಗಿಟ್ ಸಂಗ್ರಹದಲ್ಲಿ ಇರಲೇ ಇಲ್ಲ. ಆ ಸ್ಕ್ರಿಪ್ಟು ಡೆಬಿಯನ್ ರೂಲ್ಸ್ ಫೈಲು ಅಥವಾ ಆರ್‌ಪಿಎಂ (ಫೆಡೋರಾದಂಥ ವಿತರಣೆಗಳ ಪ್ಯಾಕೇಜ್) ಬಿಲ್ಡಿನ ಗುರುತು ಇದೆಯೇ ಎಂದು ನೋಡಿಕೊಂಡೇ ಕಾರ್ಯಪ್ರವೃತ್ತವಾಗುತ್ತಿತ್ತು. ಅಂದರೆ ಗುರಿ ನೇರವಾಗಿ ವಿತರಣೆಗಳ ಬಿಲ್ಡ್ ಉಪಕರಣಗಳೇ. ನೆಟ್‌ವರ್ಕ್ ಕಡಿದ ಕ್ರೂಟ್ ಅದನ್ನು ತಡೆಯುತ್ತಿರಲಿಲ್ಲ. ಹೊಸ ಬಿಡುಗಡೆ ತಂದಾಗ ಟಾರ್‌ಬಾಲನ್ನೂ ಗಿಟ್ ಟ್ಯಾಗನ್ನೂ ಡಿಫ್ ಮಾಡಿ ನೋಡುವ ಕೆಲಸವನ್ನು ಎಸ್‌ಬಿಲ್ಡ್ ನಿಮ್ಮ ಪರವಾಗಿ ಮಾಡುವುದಿಲ್ಲ.

ಪಿಬಿಲ್ಡರ್ ಬಳಸುತ್ತಿರುವವರು ಬದಲಾಗಬೇಕೇ? ಡೆಬಿಯನ್‌ಗೆ ಅಪ್‌ಲೋಡ್ ಮಾಡುವವರಾದರೆ ಹೌದು, ಅರ್ಧ ದಿನದ ಕೆಲಸ. ಕಚೇರಿಯ ಒಳಬಳಕೆಗೆ ನಾಲ್ಕು ಡೆಬ್ ಕಟ್ಟುವ, ಚೆನ್ನಾಗಿ ಓಡುತ್ತಿರುವ ಪಿಬಿಲ್ಡರ್ ಸ್ಕ್ರಿಪ್ಟ್ ಇರುವವರಿಗೆ ಅವಸರವಿಲ್ಲ. ಫೆಡೋರಾ ಕಡೆಯವರಿಗೆ ಮಾಕ್, ಆರ್ಚ್ ಕಡೆಯವರಿಗೆ ಡೆವ್‌ಟೂಲ್ಸ್ ಇದೇ ಕೆಲಸ ಮಾಡುತ್ತವೆ, ಅವರು ಇತ್ತ ನೋಡುವ ಅಗತ್ಯವಿಲ್ಲ. ರಾಸ್ಪ್‌ಬೆರಿ ಪೈಗೆ ಕಟ್ಟುವವರು ಹೋಸ್ಟ್ ಆಯ್ಕೆಗೆ ಆರ್ಮ್64 ಎಂದು ಕೊಟ್ಟು ಅಡ್ಡಕಂಪೈಲ್ (ಬೇರೆ ಪ್ರೊಸೆಸರಿಗಾಗಿ ಇಲ್ಲೇ ಕಂಪೈಲ್) ಪ್ರಯತ್ನಿಸಿ. ಅಲ್ಲಿ ಟೆಸ್ಟುಗಳು ತಾವಾಗಿ ಆರಿರುತ್ತವೆ, ಏಕೆಂದರೆ ಹುಟ್ಟಿದ ಬೈನರಿ ನಿಮ್ಮ ಯಂತ್ರದಲ್ಲಿ ಓಡದು. ಹಾಗೆ ಬಂದ ಡೆಬ್ ಅನ್ನು ಪೈ ಮೇಲೆ ಒಮ್ಮೆ ಓಡಿಸಿ ನೋಡದೆ ಯಾರಿಗೂ ಹಂಚಬೇಡಿ.